ಸೇತುವೆ ಕಟ್ಟುವ ಕ್ರಾಲರ್ ಕ್ರೇನ್: ಎತ್ತುವ ಭಾರದಷ್ಟೇ ನಿಲ್ಲುವ ನೆಲವೂ ಮುಖ್ಯ

ಕಲಬುರಗಿ: ಬೀದರ–ಕಲಬುರಗಿ ರೈಲು ಮಾರ್ಗಕ್ಕೆ ಮಂಜೂರಾತಿ ದೊರೆತದ್ದು 1997-98ರಲ್ಲಿ. ಸುಮಾರು 110 ಕಿ.ಮೀ. ಉದ್ದದ ಈ ಮಾರ್ಗ ಲೋಕಾರ್ಪಣೆಗೊಂಡದ್ದು 2017ರ ಅಕ್ಟೋಬರ್ 29ರಂದು. ಆ ವೇಳೆಗೆ 369 ಕೋಟಿ ರೂ.ಗಳ ಮೂಲ ಅಂದಾಜು 1,542 ಕೋಟಿ ರೂ.ಗಳಿಗೆ ಏರಿತ್ತು. ಕಮಲಾಪುರ ಸೀಮೆಯ ಗುಡ್ಡ ಹಳ್ಳಗಳನ್ನು ದಾಟಲು ಮರಗುತ್ತಿ ಬಳಿ ಸುರಂಗ ಕೊರೆಯಬೇಕಾಯಿತು. ದಾರಿಯುದ್ದಕ್ಕೂ ಸೇತುವೆಗಳನ್ನು ಕಟ್ಟಬೇಕಾಯಿತು. ಇಂತಹ ದುರ್ಗಮ ಸ್ಥಳಗಳಲ್ಲಿ ಟನ್‌ಗಟ್ಟಲೆ ತೂಕದ ಗರ್ಡರ್‌ಗಳನ್ನು ಕಂಬಗಳ ಮೇಲೇರಿಸಲು ಬಳಸುವ ಪ್ರಮುಖ ಯಂತ್ರಗಳಲ್ಲಿ ಕ್ರಾಲರ್ ಕ್ರೇನ್ ಒಂದು.

ಏನಿದರ ವಿಶೇಷ?

ಜನರು 'ಹಿಟಾಚಿ' ಎಂದು ಕರೆಯುವ ಅಗೆಯುವ ಯಂತ್ರದಂತೆ ಇದೂ ಚಕ್ರಗಳ ಬದಲು ಉಕ್ಕಿನ ಚೈನ್ ಪಟ್ಟಿಗಳ ಮೇಲೆ ಚಲಿಸುತ್ತದೆ. ಟೈರ್ ಕ್ರೇನ್ ಸಾಮಾನ್ಯವಾಗಿ ನಾಲ್ಕು ಕಡೆ ಕಾಲು ಚಾಚಿ ನಿಂತು ಭಾರ ಎತ್ತುತ್ತದೆ. ಕ್ರಾಲರ್ ಕ್ರೇನ್‌ಗೆ ಆ ಕಾಲುಗಳು ಬೇಕಿಲ್ಲ. ಭಾರ ಹೊತ್ತೇ ನಿಧಾನವಾಗಿ ಮುಂದೆ ಸಾಗಬಲ್ಲದು. ಆದರೆ ಹೆದ್ದಾರಿಯಲ್ಲಿ ತಾನಾಗಿ ಬರಲಾರದು. ಬಿಡಿಭಾಗಗಳಾಗಿ ಟ್ರೈಲರ್‌ಗಳಲ್ಲಿ ತಂದು ಸ್ಥಳದಲ್ಲೇ ಜೋಡಿಸಬೇಕು. ಹೀಗಾಗಿ ಕಾಡುಮೇಡಿನಲ್ಲಿ ಸೇತುವೆಗೆ ಮುನ್ನ ಟ್ರೈಲರ್ ಬರುವ ದಾರಿಯೇ ಸಿದ್ಧವಾಗಬೇಕು.

ದೂರ ಹೆಚ್ಚಿದಂತೆ ಬಲ ಕಡಿಮೆ

'100 ಟನ್ ಕ್ರೇನ್' ಎಂದರೆ ಎಲ್ಲೆಡೆಯೂ 100 ಟನ್ ಎತ್ತುತ್ತದೆ ಎಂದಲ್ಲ. ಕ್ರೇನ್‌ನ ಮಧ್ಯಬಿಂದುವಿನಿಂದ 10 ಮೀಟರ್ ದೂರದಲ್ಲಿ 40 ಟನ್ ಎತ್ತುವ ಯಂತ್ರ 20 ಮೀಟರ್ ದೂರದಲ್ಲಿ ಹೆಚ್ಚೆಂದರೆ ಅದರ ಅರ್ಧದಷ್ಟನ್ನು ಎತ್ತೀತು. ಕೊಕ್ಕೆ, ಹಗ್ಗಗಳ ತೂಕವೂ ಆ ಲೆಕ್ಕದಲ್ಲೇ ಸೇರುತ್ತದೆ. ಉರುಳುವ ಮಿತಿಯ ಶೇ. 75ನ್ನು ಮೀರದಂತೆ ಭಾರಪಟ್ಟಿ ರೂಪಿಸುವುದು ರೂಢಿ.

ಎರೆಮಣ್ಣಿನ ಸವಾಲು

ಪ್ರತಿಭಾರವೂ ಸೇರಿ 250 ಟನ್ ತೂಗುವ ಕ್ರೇನ್, 8 ಮೀಟರ್ ಉದ್ದ, 1.2 ಮೀಟರ್ ಅಗಲದ ಎರಡು ಪಟ್ಟಿಗಳ ಮೇಲೆ ನಿಂತರೆ ಪ್ರತಿ ಚದರ ಮೀಟರ್ ನೆಲದ ಮೇಲೆ ಸರಾಸರಿ 13 ಟನ್ ಒತ್ತಡ ಬೀಳುತ್ತದೆ. ಭಾರ ಒಂದು ಬದಿಗೆ ತಿರುಗಿದಾಗ ಆ ಬದಿಯಲ್ಲಿ ಇದು ಇಮ್ಮಡಿಯೂ ಆಗಬಹುದು. ಕೆಂಬಾಳೆಗೆ ಹೆಸರಾದ ಕಮಲಾಪುರದ ಕೆಂಪು ನೆಲದ ಗುಣವೇ ಬೇರೆ, ಕಲಬುರಗಿ ಸುತ್ತಲಿನ ಎರೆಮಣ್ಣಿನ ಗುಣವೇ ಬೇರೆ. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು, ಮಳೆಗೆ ಉಬ್ಬಿ ಮೆತ್ತಗಾಗುತ್ತದೆ. ಆದ್ದರಿಂದ ಮೆತ್ತನೆಯ ಮಣ್ಣು ತೆಗೆದು ಗರಸು ತುಂಬಿ, ರೋಲರ್‌ನಿಂದ ಅದುಮಿ, ಮೇಲೆ ಮರದ ದಿಮ್ಮಿ ಅಥವಾ ಉಕ್ಕಿನ ಹಾಸು ಹಾಕಬೇಕಾಗುತ್ತದೆ. ನೂರು ಅಡಿಗೆ ಒಂದು ಅಡಿಗಿಂತ ಹೆಚ್ಚಿನ ಇಳಿಜಾರು ಅಪಾಯಕಾರಿ.

ಎಚ್ಚರ ತಪ್ಪಿದರೆ

2023ರ ಆಗಸ್ಟ್ 1ರ ನಸುಕಿನಲ್ಲಿ ಮಹಾರಾಷ್ಟ್ರದ ಶಹಾಪುರ ಬಳಿ ಸಮೃದ್ಧಿ ಹೆದ್ದಾರಿಯ ಸೇತುವೆ ಕಾಮಗಾರಿಯಲ್ಲಿ ಗರ್ಡರ್ ಜೋಡಿಸುವ ಯಂತ್ರ ಕುಸಿದು 20 ಜನ ಮೃತಪಟ್ಟರು. ಅದು ಕ್ರಾಲರ್ ಕ್ರೇನ್ ಅಲ್ಲವಾದರೂ ಪಾಠ ಒಂದೇ: ತೂಗುವ ಭಾರದ ಕೆಳಗೆ ಯಾರೂ ಇರಕೂಡದು. ಗಾಳಿ ಮಿತಿ ಮೀರಿದರೆ, ಮಳೆಗೆ ನೆಲ ಸಡಿಲವಾದರೆ ಕೆಲಸ ನಿಲ್ಲಿಸಲೇಬೇಕು. ಕಾಮಗಾರಿ ಎರಡು ದಿನ ತಡವಾದರೆ ಆಗುವ ನಷ್ಟವನ್ನು ತುಂಬಿಕೊಳ್ಳಬಹುದು, ಹೋದ ಜೀವವನ್ನಲ್ಲ.