ಮದುವೆಗೆ ಐದು, ದಿನಕ್ಕೊಂದು ಹಿಡಿ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿ ಎಂಬ ಊರಿನಲ್ಲಿ ಒಂದು ಕಂಬದ ಶಾಸನ ದೊರೆತಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ್ದು, ಕ್ರಿ.ಶ. 945ರದು. ಆಗ ಊರಿನ ಹೆಸರು ಪಾವಿಟ್ಟಗೆ. ಕೃಷ್ಣನ ಮಂತ್ರಿ ನಾರಾಯಣ ಅಲ್ಲೊಂದು ಶಾಲೆ ಕಟ್ಟಿಸಿದ್ದ. ನಾನಾ ನಾಡುಗಳಿಂದ ಓದಲು ಬಂದವರು ತಂಗುವುದಕ್ಕೆ 27 ಮನೆಗಳಿದ್ದವು. ಶಾಲೆಯಿದ್ದ ಪಾವಿಟ್ಟಗೆಯೇ ಜನರ ಬಾಯಲ್ಲಿ ಸವೆದು ಸಾಲೋಟಗಿಯಾಯಿತೆಂದು ಹೇಳುತ್ತಾರೆ. 

ಊರ ಒಡೆಯ ಈ ಶಾಲೆಗೆ 500 ನಿವರ್ತನ ಭೂಮಿ ಬಿಟ್ಟ. ದೀಪದ ಖರ್ಚಿಗೆಂದು ಬೇರೆಯಾಗಿ 12 ನಿವರ್ತನ ಕೊಟ್ಟ. ಇಷ್ಟಕ್ಕೇ ಮುಗಿದಿದ್ದರೆ ಇದೂ ನೂರಾರು ದಾನಶಾಸನಗಳ ಸಾಲಿಗೆ ಸೇರುತ್ತಿತ್ತು. ಆದರೆ ಕಲ್ಲು ಮುಂದೆ ಊರಿನ ಮನೆಗಳ ಲೆಕ್ಕಕ್ಕೆ ಬರುತ್ತದೆ. ಮನೆಯಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ, ಉಪನಯನವಾದರೆ ಎರಡೂವರೆ, ಮಗುವಿನ ಚೌಲವಾದರೆ ಒಂದೂಕಾಲು. ಊರಲ್ಲಿ ಯಾರಾದರೂ ಔತಣ ಹಾಕಿದರೆ ಶಾಲೆಯವರನ್ನೂ ಕೈಲಾದಷ್ಟು ಜನ ಕರೆದು ಉಣಿಸಬೇಕು. ಕೂದಲು ತೆಗೆಸಿದ್ದಕ್ಕೂ ಅರ್ಧದ ಅರ್ಧ ಲೆಕ್ಕ ಹಾಕಿದ ಆ ಊರಿನವರ ಶಿಸ್ತಿಗೆ ತಲೆದೂಗಬೇಕು. ಒಡೆಯ ಕೊಟ್ಟ ಭೂಮಿಗೆ ಬರ ಬರಬಹುದು, ಯುದ್ಧ ಬರಬಹುದು. ಊರಲ್ಲಿ ಮದುವೆಗಳು ಮಾತ್ರ ನಿಲ್ಲುವುದಿಲ್ಲ.

ಆ 27 ಮನೆಗಳಲ್ಲಿ ಇದ್ದವರು ಬ್ರಾಹ್ಮಣ ವಿದ್ಯಾರ್ಥಿಗಳು, ಕೊಟ್ಟ ಮನೆಗಳೂ ಬ್ರಾಹ್ಮಣರವೇ. ನೆರೆಮನೆಯ ಅನ್ನ ಯಾರ ತನಕ ಹೋಗಬಹುದು ಎಂಬುದಕ್ಕೆ ಕಲ್ಲಿನಲ್ಲಿ ಬರೆಯದ ಒಂದು ಗೆರೆ ಆಗಲೇ ಇತ್ತು. ಮುಂದಿನ ಸಾವಿರ ವರ್ಷಗಳ ಕಥೆಯಲ್ಲಿ ಆ ಗೆರೆ ಮತ್ತೆ ಮತ್ತೆ ಎದುರಾಗುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಇಂಗ್ಲಿಷ್ ಶಾಲೆಗಳು ತೆರೆದವು. ಹೈಸ್ಕೂಲು ಬೇಕೆಂದರೆ ಹಳ್ಳಿಯ ಹುಡುಗ ಪೇಟೆಗೆ ಬರಲೇಬೇಕು. ಬಂದವನಿಗೆ ಪುಸ್ತಕಕ್ಕಿಂತ ದೊಡ್ಡ ಚಿಂತೆ ಊಟದ್ದು. ಹೋಟೆಲುಗಳು ಇರಲಿಲ್ಲ, ಇದ್ದಲ್ಲಿಯೂ ಕೊಡಲು ಕಾಸಿರಲಿಲ್ಲ. ಆಗ ಕೈ ಹಿಡಿದದ್ದು ವಾರಾನ್ನ. ಸೋಮವಾರ ವಕೀಲರ ಮನೆ, ಮಂಗಳವಾರ ಮೇಷ್ಟ್ರ ಮನೆ, ಬುಧವಾರ ದೂರದ ನಂಟರಿಗೆ ಪರಿಚಯವಿದ್ದ ಶಿರಸ್ತೇದಾರರ ಮನೆ, ಹೀಗೆ ಏಳು ದಿನಕ್ಕೆ ಏಳು ಬಾಗಿಲು. ಉತ್ತರ ಕರ್ನಾಟಕದ ಕಡೆ ಇದನ್ನೇ ‘ವಾರ ಹಚ್ಚುವುದು’ ಎಂದರು. ಜೋಳಿಗೆ ಹಿಡಿದು ಮನೆಮನೆಯಿಂದ ತುಸುತುಸು ತರುವುದು ಮಾಧುಕರಿ. ದುಂಬಿ ಹೂವಿಂದ ಹೂವಿಗೆ ಹೋದ ಹಾಗೆ ಎಂದು ಆ ಹೆಸರು. ಹೆಸರು ಚಂದ, ದುಂಬಿಯ ಪಾಡು ಬೇರೆ.

ವಾರದ ಹುಡುಗನಿಗೆ ಪಂಚಾಂಗ ಬಾಯಿಪಾಠವಾಗಿರುತ್ತಿತ್ತು. ಏಕಾದಶಿ ಯಾವ ಮನೆಯ ದಿನ ಬೀಳುತ್ತದೆ, ಯಾರ ಮನೆಯಲ್ಲಿ ತಿಥಿ ಬರುತ್ತದೆ ಎಂದು ಮೊದಲೇ ನೋಡಿಟ್ಟುಕೊಳ್ಳಬೇಕು. ಸೂತಕ ಬಂದರೆ ಆ ಮನೆಯ ಬಾಗಿಲು ಹತ್ತು ದಿನ ಮುಚ್ಚಿದಂತೆ. ಅಡುಗೆ ಮಾಡುವ ಹೆಂಗಸು ತವರಿಗೆ ಹೋದರೆ ಅಂದು ತಣ್ಣೀರೇ ಗತಿ. ಕೆಲವು ಮನೆಗಳಲ್ಲಿ ತಾಯಂದಿರು ಮನೆಯ ಮಕ್ಕಳ ಪಂಕ್ತಿಯಲ್ಲೇ ಕೂರಿಸಿ ತುಪ್ಪ ಬಡಿಸಿದರು. ಕೆಲವು ಕಡೆ ಹಿತ್ತಲ ಜಗಲಿಯಲ್ಲಿ ಎಲೆ, ಊಟಕ್ಕೆ ಮುಂಚೆ ಬಾವಿಯಿಂದ ನಾಲ್ಕು ಕೊಡ ನೀರು. ಉಣ್ಣುವವನಿಗೆ ಕೊಡುವ ಕೈ ಎದುರಿಗೇ ಕಾಣುತ್ತಿತ್ತು. ಆ ಕೈ ಯಾವ ಮನಸ್ಸಿನಿಂದ ಬಡಿಸುತ್ತದೆಂಬುದೂ ಕಾಣುತ್ತಿತ್ತು. ಎಸ್.ಎಲ್. ಭೈರಪ್ಪ ತಮ್ಮ ಆತ್ಮಕಥೆ ‘ಭಿತ್ತಿ’ಯಲ್ಲಿ ವಾರಾನ್ನದ ದಿನಗಳನ್ನು ಬರೆದಿದ್ದಾರೆ. ಓದಿದವರಿಗೆ ಹಸಿವಿಗಿಂತ ಬಾಗಿಲ ಮುಂದೆ ನಿಲ್ಲುವ ಸಂಕೋಚವೇ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ.

ಈ ಸಂಕೋಚಕ್ಕೆ ಸಿಕ್ಕ ಮದ್ದು ಒಂದು ಡಬ್ಬಿ.

ಮನೆಯಾಕೆ ಬೆಳಗ್ಗೆ ಪಾವಿನಲ್ಲಿ ಅಕ್ಕಿ ಅಳೆದು ಪಾತ್ರೆಗೆ ಹಾಕುತ್ತಾಳೆ. ತೊಳೆಯುವ ಮುಂಚೆ ಅದರಿಂದ ಒಂದು ಹಿಡಿ ತೆಗೆದು ಪಕ್ಕದ ಡಬ್ಬಿಗೆ ಸುರಿಯುತ್ತಾಳೆ. ವಾರಕ್ಕೊಮ್ಮೆ ಹುಡುಗರು ಚೀಲ ಹಿಡಿದು ಬಂದು ಡಬ್ಬಿ ಬರಿದು ಮಾಡಿಕೊಂಡು ಹೋಗುತ್ತಾರೆ. ಇದು ಮುಷ್ಟಿ ಅಕ್ಕಿ. ಜೋಳದ ಸೀಮೆಯಲ್ಲಿ ಹಿಡಿಜೋಳ. ಹಿಡಿಗೆ 30 ಗ್ರಾಂ ಎಂದು ಹಿಡಿದರೂ ನೂರು ಮನೆಗಳಿಂದ ದಿನಕ್ಕೆ ಮೂರು ಕಿಲೋ, ತಿಂಗಳಿಗೆ 90 ಕಿಲೋ. ಎಂಟು-ಹತ್ತು ಹುಡುಗರ ಎರಡು ಹೊತ್ತಿನ ಅನ್ನಕ್ಕೆ ಅಡ್ಡಿಯಿಲ್ಲ. ಕೊಟ್ಟ ಮನೆಗೆ ಒಂದು ಹಿಡಿ ಕಡಿಮೆಯಾದದ್ದು ಗೊತ್ತೂ ಆಗುವುದಿಲ್ಲ. ಗಂಡಸರ ಜೇಬನ್ನು ಮುಟ್ಟದೆ, ಅವರ ಒಪ್ಪಿಗೆಗೂ ಕಾಯದೆ ಹೆಂಗಸರು ತಾವಾಗಿಯೇ ನಡೆಸಬಹುದಾಗಿದ್ದ ದಾನ ಇದು. ವಿದ್ಯಾರ್ಥಿ ನಿಲಯಗಳ ಗೋಡೆಯ ಅಮೃತಶಿಲೆಯ ಹಲಗೆಗಳಲ್ಲಿ ಈ ಹೆಂಗಸರ ಹೆಸರು ಹುಡುಕಬಾರದು, ಸಿಗುವುದಿಲ್ಲ.

ಮುಷ್ಟಿ ಅಕ್ಕಿಯನ್ನು ಬೇಯಿಸುವುದು ಮಾತ್ರ ಅಡುಗೆಯವರಿಗೆ ತಲೆನೋವು. ಒಂದೇ ಚೀಲದಲ್ಲಿ ಹಳೆ ಅಕ್ಕಿ, ಹೊಸ ಅಕ್ಕಿ, ಕುಸುಬಲು, ಬೆಳ್ತಿಗೆ, ದಪ್ಪ, ಸಣ್ಣ ಎಲ್ಲವೂ ಕಲೆತಿರುತ್ತವೆ. ಒಂದು ಮುದ್ದೆಯಾಗುವ ಹೊತ್ತಿಗೆ ಇನ್ನೊಂದು ಇನ್ನೂ ಕಾಳುಕಾಳು. ಆದರೆ ಆ ಕಲಬೆರಕೆಯಲ್ಲೇ ಒಂದು ಉಪಕಾರವಿತ್ತು: ತಾನು ಉಂಡದ್ದು ಯಾರ ಮನೆಯ ಅಕ್ಕಿ ಎಂದು ಹುಡುಗನಿಗೆ ತಿಳಿಯುವಂತಿರಲಿಲ್ಲ, ತನ್ನ ಹಿಡಿ ಯಾವ ಹುಡುಗನ ಹೊಟ್ಟೆ ಸೇರಿತೆಂದು ಮನೆಯಾಕೆಗೂ ತಿಳಿಯುವಂತಿರಲಿಲ್ಲ. ಕೊಡುವವರಿಗೂ ಉಣ್ಣುವವರಿಗೂ ನಡುವೆ ಒಂದು ಕೊಪ್ಪರಿಗೆ ಬಂದು ಕೂತಿತು. ಹಾಸ್ಟೆಲ್ ಎಂದರೆ ಮೂಲದಲ್ಲಿ ಆ ಕೊಪ್ಪರಿಗೆ.

ಈ ಪದ್ಧತಿ ಕನ್ನಡಿಗರದೇ ಎಂದು ಹೆಮ್ಮೆಪಡುವ ಹಾಗಿಲ್ಲ. ಗೋವೆಯ ಪಣಜಿಯಲ್ಲಿ ‘ಮುಷ್ಟಿಫಂಡ್’ ಎಂಬ ಹೆಸರಿನದೇ ಶಿಕ್ಷಣ ಸಂಸ್ಥೆ ಇಂದಿಗೂ ಇದೆ. ಸಾತಾರೆಯ ಸೀಮೆಯಲ್ಲಿ ಭಾವೂರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿ, 1924ರಲ್ಲಿ ಎಲ್ಲ ಜಾತಿಯ ಹುಡುಗರೂ ಒಟ್ಟಿಗೆ ಉಣ್ಣುವ ಬೋರ್ಡಿಂಗ್ ತೆರೆದಾಗಲೂ ನೆರವಾದದ್ದು ರೈತರ ಮನೆಯ ಹಿಡಿಕಾಳು. 1927ರಲ್ಲಿ ಗಾಂಧೀಜಿ ಅಲ್ಲಿಗೆ ಬಂದು ಅದಕ್ಕೆ ಶಾಹೂ ಛತ್ರಪತಿಯ ಹೆಸರಿಟ್ಟರು. ಕಾಳು ಸಾಲದಾದ ದಿನ ಭಾವೂರಾವ್ ಅವರ ಹೆಂಡತಿ ಲಕ್ಷ್ಮೀಬಾಯಿ ಮೈಮೇಲಿನ ಒಡವೆ ಮಾರಿದರು, ಕೊನೆಗೆ ಮಂಗಳಸೂತ್ರವನ್ನೂ ಬಿಡಲಿಲ್ಲ.  ಇಂಥದೇ ಇನ್ನೊಂದು ಕಥೆ ಮೈಸೂರಿನಲ್ಲಿದೆ: ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಹುಡುಗರ ಊಟಕ್ಕಾಗಿ ತಮ್ಮ ಇಷ್ಟಲಿಂಗದ ಚಿನ್ನದ ಕರಡಿಗೆಯನ್ನೇ ಮಾರಿದರೆಂದು ಭಕ್ತರು ಈಗಲೂ ನೆನೆಯುತ್ತಾರೆ.

ವಾರಾನ್ನದ ಏಳು ಬಾಗಿಲುಗಳೂ ಹೆಚ್ಚಾಗಿ ಒಂದೇ ಜಾತಿಯ ಹುಡುಗರಿಗೆ ತೆರೆಯುತ್ತಿದ್ದವು. ಉಳಿದವರು ಏನು ಮಾಡಬೇಕು? ಧಾರವಾಡದಲ್ಲಿ 1883ರಲ್ಲಿ ರುದ್ರಗೌಡ ಅರಟಾಳ, ಗಿಲಗಂಚಿ ಗುರುಸಿದ್ಧಪ್ಪ ಸೇರಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಕಟ್ಟಿದರು. ಬೆಂಗಳೂರಿನಲ್ಲಿ ಗುಬ್ಬಿ ತೋಟದಪ್ಪ ಎಂಬ ವರ್ತಕರು (1838–1910) ರೈಲು ನಿಲ್ದಾಣದ ಎದುರಿಗೆ ಛತ್ರ ಕಟ್ಟಿಸಿ, ಅದರ ಆದಾಯದ ಬಲದಲ್ಲಿ ಉಚಿತ ವಿದ್ಯಾರ್ಥಿ ನಿಲಯ ಮಾಡಿಸಿದರು. ಮುಂದೆ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪ ಅಲ್ಲಿ ಉಂಡವರು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮುಂದಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳೂ ಅಲ್ಲಿದ್ದರು. ಮೈಸೂರಿನಲ್ಲಿ ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಅನಾಥಾಲಯ ನಡೆಸಿದರು. ಒಕ್ಕಲಿಗರ ಸಂಘ 1906ರಲ್ಲಿ ಹುಟ್ಟಿತು, ಅದರ ಬೆನ್ನಿಗೆ ಒಂದೊಂದೇ ಸಮುದಾಯದ ಹಾಸ್ಟೆಲುಗಳು. ಇವನ್ನೆಲ್ಲ ಜಾತಿ ಹಾಸ್ಟೆಲುಗಳೆಂದು ಈಗ ಮೂಗು ಮುರಿಯುವುದು ಸುಲಭ. ಪಕ್ಕದ ಬೀದಿಯ ಬಾಗಿಲು ತೆರೆಯದಿದ್ದಾಗ ತಮ್ಮವರದೇ ಒಂದು ಒಲೆ ಹೂಡಿಕೊಂಡರೆ ತಪ್ಪು ಯಾರದು ಎಂದು ಕೇಳುವವರು ಕಡಿಮೆ.

ಒಲೆ ಹೂಡುವಷ್ಟೂ ಅನುಕೂಲವಿಲ್ಲದವರ ಕಥೆ ಇನ್ನೂ ಬೇರೆ. ಮಂಗಳೂರಿನ ವಕೀಲ ಕುದ್ಮುಲ್ ರಂಗರಾವ್ 1890ರ ದಶಕದಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದು ಮಧ್ಯಾಹ್ನದ ಊಟ ಹಾಕಿಸಿದರು. ನೆರೆಹೊರೆ ಕಾಳು ತಂದುಕೊಡುವ ಮಾತು ಹಾಗಿರಲಿ, ಸ್ವಜಾತಿಯವರೇ ಅವರಿಗೆ ಬಹಿಷ್ಕಾರ ಹಾಕಿದರು. ಹುಬ್ಬಳ್ಳಿಯಲ್ಲಿ 1930ರ ದಶಕದಲ್ಲಿ ಸರದಾರ ವೀರನಗೌಡ ಪಾಟೀಲ, ನಾಗಮ್ಮ ದಂಪತಿ ಹರಿಜನ ಬಾಲಿಕಾಶ್ರಮ ನಡೆಸಿದರು. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ದಲಿತ ಹುಡುಗರ ವಸತಿಗಾಗಿ ದುಡಿದರು. ಅವರ ಹೆಸರಿನ ಹಾಸ್ಟೆಲಿನಲ್ಲಿದ್ದು ಓದಿದವರು ಕವಿ ಸಿದ್ಧಲಿಂಗಯ್ಯ. ಅವರ ಆತ್ಮಕಥೆ ‘ಊರುಕೇರಿ’ಯಲ್ಲಿ ಆ ಹಾಸ್ಟೆಲಿನ ಜಗಳ, ನಗು, ಹಸಿವು ಎಲ್ಲವೂ ಇವೆ. ಅಲ್ಲಿಯ ನಗು ವಾರಾನ್ನದ ಬರಹಗಳಲ್ಲಿ ಸಿಗುವುದಿಲ್ಲ. ಪರರ ಜಗಲಿಯಲ್ಲಿ ಒಬ್ಬನೇ ಕೂತು ಉಣ್ಣುವವನಿಗೆ ನಗುವುದಕ್ಕೆ ಜೊತೆ ಎಲ್ಲಿಯದು?

ಗೌರಿಬಿದನೂರಿನ ಹೊಸೂರಿನ ಎಚ್. ನರಸಿಂಹಯ್ಯ 1935ರಲ್ಲಿ ಬಸ್ಸಿಗೆ ಕಾಸಿಲ್ಲದೆ ಬೆಂಗಳೂರಿಗೆ ನಡೆದೇ ಬಂದವರು. ಬಡ ವಿದ್ಯಾರ್ಥಿಗಳ ನಿಲಯದಲ್ಲಿ ಉಂಡು ಓದಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಮೇಲೂ ಅವರು ಮನೆ ಮಾಡಲಿಲ್ಲ. ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಬದುಕು ಕಳೆದರು.

ಕೊಡುಗೆ ಬರೀ ಅಕ್ಕಿಯಾಗಿರಲಿಲ್ಲ. ಹಳೆಯ ಸೀರೆ-ಧೋತರಗಳನ್ನು ಪದರಪದರವಾಗಿ ಹೊಲಿದ ಕೌದಿ, ಮಜ್ಜಿಗೆಗೆ ಹುಣಸೆಹಣ್ಣಿಗೆ ಉಪ್ಪಿನಕಾಯಿಗೆ ಜಾಡಿ, ಹಿತ್ತಲ ಕುಂಬಳಕಾಯಿ, ಬಾಳೆ ಎಲೆ. ಪಾತ್ರೆಗಳು ಬೇರೆ. ನಮ್ಮ ಕಡೆ ಪಾತ್ರೆಗೆ ಹೆಸರು ಕೆತ್ತಿಸದೆ ಯಾರೂ ಕೊಡುವುದಿಲ್ಲ. ಹಳೆಯ ಛತ್ರ, ಹಾಸ್ಟೆಲುಗಳ ಹಂಡೆ ಕೊಳಗಗಳ ಕಂಠದಲ್ಲಿ ‘ದಿವಂಗತ ತಾಯಿಯವರ ಜ್ಞಾಪಕಾರ್ಥ’ ಎಂದು ಚುಕ್ಕಿಚುಕ್ಕಿಯಾಗಿ ಕೊರೆದ ಅಕ್ಷರಗಳಿರುತ್ತವೆ. ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಅರ್ಧ ಅಳಿಸಿಹೋಗಿ, ತಾಯಿ ಮಾತ್ರ ಉಳಿದು ಕೊಟ್ಟವರ ಹೆಸರು ಕಾಣದಾಗಿರುವುದೂ ಉಂಟು.

ಮನೆಗಳ ಕೊಡುಗೆಯನ್ನು ಎಲ್ಲರ ಕಣ್ಣೆದುರಿಗೆ ತಕ್ಕಡಿಗೆ ಹಾಕಿ ತೂಗಿದ ಜಾಗ ಗದಗ. ಪಂಚಾಕ್ಷರಿ ಗವಾಯಿಗಳು (1892–1944) ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸುತ್ತಾ ಊರೂರು ಅಲೆದರು. ಅವರ ಪಾಠಶಾಲೆ ಎಷ್ಟೋ ವರ್ಷ ಒಂದು ಕಡೆ ನಿಲ್ಲದೆ ತಿರುಗಿತು. ಮಳೆ ಕೈಕೊಟ್ಟ ಸೀಮೆಯಿಂದ ಕಾಳು ಸಿಗುವ ಸೀಮೆಗೆ ಗುರು-ಶಿಷ್ಯರ ಪಯಣ. ಕೊನೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆನಿಂತಿತು. ಅವರ ನಂತರ ಅದನ್ನು ನಡೆಸಿದ ಪುಟ್ಟರಾಜ ಗವಾಯಿಗಳು (1914–2010) ಸ್ವತಃ ಕಣ್ಣಿಲ್ಲದವರು. ಹೊಟ್ಟೆ ತುಂಬಿಸಲು ನಾಟಕ ಕಂಪನಿ ಕಟ್ಟಿದರು, ತಾವೇ ನಾಟಕ ಬರೆದರು. ಊರವರು ಅವರಿಗೆ ತುಲಾಭಾರ ಮಾಡುವ ರೂಢಿ ಬೆಳೆಯಿತು. ಒಂದು ತಟ್ಟೆಯಲ್ಲಿ ಅಜ್ಜಾವ್ರು, ಇನ್ನೊಂದರಲ್ಲಿ ಊರಿನ ಬೆಳೆ: ಜೋಳ, ಅಕ್ಕಿ, ಬೆಲ್ಲ, ಕೊಬ್ಬರಿ, ಉತ್ತತ್ತಿ, ಇಲ್ಲವೇ ನಾಣ್ಯ. ಇಂಥ ತುಲಾಭಾರಗಳು ಎರಡು ಸಾವಿರಕ್ಕೂ ಮೀರಿದವೆಂದು ಹೇಳುತ್ತಾರೆ. ತೂಗಿದ್ದೆಲ್ಲ ಆಶ್ರಮದ ಉಗ್ರಾಣಕ್ಕೆ, ಉಗ್ರಾಣದಿಂದ ಮಕ್ಕಳ ತಟ್ಟೆಗೆ. ಸಾಲೋಟಗಿಯವರು ಮದುವೆಯನ್ನು ಅಳತೆಗೋಲು ಮಾಡಿಕೊಂಡಿದ್ದರು. ಗದಗಿನ ಸುತ್ತಿನವರು ಗುರುವಿನ ಮೈತೂಕವನ್ನು.

ಸರ್ಕಾರ ಈ ಕೆಲಸಕ್ಕೆ ದೊಡ್ಡ ಪ್ರಮಾಣದಲ್ಲಿ ಕೈಹಾಕಿದ್ದು ತಡವಾಗಿ. ದೇವರಾಜ ಅರಸರ ಕಾಲದಲ್ಲಿ, 1975ರಲ್ಲಿ ಎಲ್.ಜಿ. ಹಾವನೂರು ಆಯೋಗ ವರದಿ ಕೊಟ್ಟ ಮೇಲೆ, ಹಿಂದುಳಿದ ವರ್ಗಗಳ ಹಾಸ್ಟೆಲುಗಳು ತಾಲ್ಲೂಕುಗಳಲ್ಲಿ ಹೆಚ್ಚಿದವು. ಅಕ್ಕಿ ಟೆಂಡರಿನಲ್ಲಿ ಬಂತು, ಬೇಳೆ ತಲೆಗಿಷ್ಟು ಗ್ರಾಂ ಎಂದು ನಿಗದಿಯಾಯಿತು. ಹುಡುಗ ಊಟವನ್ನು ಹಕ್ಕೆಂದು ಕೇಳಬಹುದಾಯಿತು, ಸಾರು ನೀರಾದರೆ ತಹಸೀಲ್ದಾರರ ಕಚೇರಿ ಮುಂದೆ ಕೂರಬಹುದಾಯಿತು. ವಾರದ ಹುಡುಗನಿಗೆ ಇದು ಕನಸಿನಲ್ಲೂ ಇರಲಿಲ್ಲ. ಪಕ್ಕದ ಮನೆಗೂ ಹಾಸ್ಟೆಲಿಗೂ ಇದ್ದ ದಾರಿ ಮಾತ್ರ ಹುಲ್ಲು ಬೆಳೆದು ಮುಚ್ಚಿತು.

ಎಲ್ಲೆಡೆ ಮುಚ್ಚಲಿಲ್ಲ. ಸಿದ್ಧಗಂಗೆಯಲ್ಲಿ ಸುತ್ತಲ ರೈತರು ಸುಗ್ಗಿ ಮುಗಿಸಿ ರಾಗಿಯ ಮೂಟೆ, ತೆಂಗಿನಕಾಯಿ ತಂದಿಳಿಸುವುದು ನಿಂತಿಲ್ಲ; ಸುಮಾರು ಹತ್ತು ಸಾವಿರ ಮಕ್ಕಳು ಅಲ್ಲಿ ಉಣ್ಣುತ್ತಾರೆ. ಕೊಪ್ಪಳದ ಗವಿಮಠದಲ್ಲಿ ಬಡ ಮಕ್ಕಳಿಗೆ ಉಚಿತ ವಸತಿ ಇದೆ. 2022ರಲ್ಲಿ ಐದು ಸಾವಿರ ಮಕ್ಕಳಿಗೆಂದು ಹೊಸ ಹಾಸ್ಟೆಲಿಗೆ ಅಡಿಗಲ್ಲು ಹಾಕುವ ದಿನ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ಮಾತನಾಡುತ್ತಾ ಕಣ್ಣೀರಿಟ್ಟರು, ಊರೂರುಗಳಿಂದ ನೆರವು ಹರಿದು ಬಂತು.

ಅದೇ ಮಠದ ಜಾತ್ರೆ ಪ್ರತಿ ಜನವರಿಯಲ್ಲಿ ನಡೆಯುತ್ತದೆ. ಅದಕ್ಕೆ ವಾರ ಇರುವಾಗಲೇ ಸುತ್ತಲ ಹಳ್ಳಿಗಳಲ್ಲಿ ಹೆಂಗಸರು ಗುಂಪಾಗಿ ಕೂತು ರೊಟ್ಟಿ ಬಡಿಯುತ್ತಾರೆ. ಟ್ರ್ಯಾಕ್ಟರು, ಚಕ್ಕಡಿಗಳಲ್ಲಿ ಬುಟ್ಟಿಗಟ್ಟಲೆ ಖಡಕ್ ರೊಟ್ಟಿ, ಮಾದಲಿ, ಶೇಂಗಾ ಚಟ್ನಿ ಮಠಕ್ಕೆ ಬರುತ್ತವೆ. ರೊಟ್ಟಿಯ ಲೆಕ್ಕ ಲಕ್ಷಗಳಲ್ಲಿ. ದಾಸೋಹದ ಮನೆಯಲ್ಲಿ ಅವನ್ನು ಆಳೆತ್ತರಕ್ಕೆ ಪೇರಿಸಿಡುತ್ತಾರೆ. ಒಂದು ಊರಿನದು ಹಪ್ಪಳದಷ್ಟು ತೆಳು, ಇನ್ನೊಂದರದು ದಪ್ಪ. ಕೆಲವಕ್ಕೆ ಎಳ್ಳು ಹಚ್ಚಿದೆ, ಕೆಲವು ಸಜ್ಜೆಯವು, ಕೆಲವು ಅಂಚಿನಲ್ಲಿ ತುಸು ಸೀದಿವೆ. ಬಡಿಸುವ ಹುಡುಗರು ಕೈಗೆ ಸಿಕ್ಕಿದ್ದನ್ನು ಎರಡೆರಡಾಗಿ ತಟ್ಟೆಗೆ ಹಾಕುತ್ತಾ ಮುಂದೆ ಹೋಗುತ್ತಾರೆ.