ಜಪಾನಿನ ಶಾವಿಗೆ ಮತ್ತು ಕಾಣದ ಸಾರು

ಸಂಜೆ ಕೆಲಸದಿಂದ ಮರಳಿ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಬೇಕೆನ್ನುವ ಗೃಹಸ್ಥರಿಗೆ ಸಮಯವೇ ದೊಡ್ಡ ಪರೀಕ್ಷೆ. ಅಂಥವರ ನೆರವಿಗೆಂದೇ ಬಂದಂತೆ ತೋರುವ ಪದಾರ್ಥಗಳಲ್ಲಿ ಜಪಾನಿನ ಶೈತ್ಯೀಕೃತ ನೂಡಲ್ಸ್ ಒಂದು. ಕುದಿಯುವ ನೀರಿಗೆ ಹಾಕಿದರೆ ಒಂದೆರಡು ನಿಮಿಷಗಳಲ್ಲಿ ಸಿದ್ಧ. ಕೆಲವು ಪೊಟ್ಟಣಗಳ ಮೇಲೆ ‘ಸಸ್ಯಾಹಾರಿ’ ಎಂದೂ ಬರೆದಿರುತ್ತದೆ. ಆ ಒಂದು ಪದದ ಹಿಂದೆ ಸಾವಿರದ ಮುನ್ನೂರು ವರ್ಷಗಳ ಇತಿಹಾಸವಿದೆ. ಅದನ್ನರಿಯದೆ ಆ ಪದವನ್ನು ನಂಬುವುದಾಗಲಿ, ತಿರಸ್ಕರಿಸುವುದಾಗಲಿ ವಿವೇಕವೆನಿಸದು.

ಬೌದ್ಧಧರ್ಮದ ಪ್ರಭಾವಕ್ಕೆ ಒಳಗಾದ ಜಪಾನಿನ ಚಕ್ರವರ್ತಿ ತೆಮ್ಮು 675ರಲ್ಲಿ ಒಂದು ರಾಜಾಜ್ಞೆ ಹೊರಡಿಸಿದನು. ವರ್ಷದ ಕೆಲವು ತಿಂಗಳುಗಳಲ್ಲಿ ದನ, ಕುದುರೆ, ನಾಯಿ, ಕೋತಿ ಮತ್ತು ಕೋಳಿಗಳ ಮಾಂಸವನ್ನು ತಿನ್ನಬಾರದೆಂಬುದು ಅದರ ಸಾರಾಂಶ. ಆ ಪಟ್ಟಿಯಲ್ಲಿ ಮೀನು ಇರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮುಂದೆ ಶತಮಾನಗಳ ಕಾಲ ಆ ದೇಶದಲ್ಲಿ ಪಶುಮಾಂಸದ ಬಳಕೆ ವಿರಳವಾಗಿಯೇ ಉಳಿಯಿತು. 1872ರಲ್ಲಿ ಮೇಯಿಜಿ ಚಕ್ರವರ್ತಿಯು ಗೋಮಾಂಸ ಸೇವಿಸಿದ ಸುದ್ದಿ ಹೊರಬಿದ್ದಾಗ ಅದು ಯುಗ ಬದಲಾದುದರ ಕುರುಹೆನಿಸಿತು. ಆದರೆ ಮೀನು ಮಾತ್ರ ಎಂದೂ ಆ ಜನರ ತಟ್ಟೆಯನ್ನು ಬಿಟ್ಟಿರಲಿಲ್ಲ.

ಬೌದ್ಧ ವಿಹಾರಗಳ ರೀತಿ ಬೇರೆ. ಅಲ್ಲಿ ಮೀನಿಗೂ ಸ್ಥಾನವಿರಲಿಲ್ಲ. ಆ ಅಡುಗೆಗೆ ‘ಶೋಜಿನ್ ರ್ಯೋರಿ’ ಎಂದು ಹೆಸರು. ‘ಶೋಜಿನ್’ ಎಂಬುದು ಸಂಸ್ಕೃತದ ‘ವೀರ್ಯ’ ಪದಕ್ಕೆ, ಎಂದರೆ ಸಾಧನೆಯಲ್ಲಿನ ಉತ್ಸಾಹಕ್ಕೆ, ಬಳಕೆಗೆ ಬಂದ ಮಾತು. ನಮ್ಮ ಪಂಚಾಚಾರಗಳಲ್ಲಿ ವೀರ್ಯಾಚಾರವೂ ಒಂದೆಂಬುದನ್ನು ಇಲ್ಲಿ ಸ್ಮರಿಸಬಹುದು. ಈ ಅಡುಗೆಯಲ್ಲಿ ನಮ್ಮಲ್ಲಿಯಂತೆಯೇ ಈರುಳ್ಳಿ, ಬೆಳ್ಳುಳ್ಳಿಗಳು ನಿಷಿದ್ಧ.

ಡೋಗೆನ್ ಎಂಬ ಯುವ ಭಿಕ್ಷು 1223ರಲ್ಲಿ ವಿದ್ಯಾರ್ಜನೆಗೆಂದು ಚೀನಕ್ಕೆ ಹೋದನು. ಅವನು ಇನ್ನೂ ಹಡಗಿನಲ್ಲಿಯೇ ಇದ್ದಾಗ ಅರವತ್ತು ದಾಟಿದ ವೃದ್ಧ ಭಿಕ್ಷುವೊಬ್ಬನು ಬಹುದೂರ ನಡೆದು ಬಂದು ಜಪಾನಿನ ಅಣಬೆಯನ್ನು ವಿಚಾರಿಸಿದನು. ಆತ ವಿಹಾರವೊಂದರ ಅಡುಗೆಯ ಮುಖ್ಯಸ್ಥ. ಮರುದಿನದ ಹಬ್ಬಕ್ಕೆ ಸಹವಾಸಿಗಳಿಗೆ ಶಾವಿಗೆಯ ಸಾರು ಮಾಡಬೇಕಾಗಿತ್ತು. ಈ ವಯಸ್ಸಿನಲ್ಲಿ ಧ್ಯಾನ, ಅಧ್ಯಯನಗಳನ್ನು ಬಿಟ್ಟು ಅಡುಗೆಯ ಶ್ರಮವೇಕೆಂದು ಡೋಗೆನ್ ಕೇಳಲು, ಸಾಧನೆಯೆಂದರೇನೆಂಬುದು ನಿನಗಿನ್ನೂ ತಿಳಿದಿಲ್ಲವೆಂದು ಆ ವೃದ್ಧನು ನಕ್ಕನು. ಡೋಗೆನ್ ಆ ನಗೆಯನ್ನು ಮರೆಯಲಿಲ್ಲ. 1237ರಲ್ಲಿ ವಿಹಾರದ ಅಡುಗೆಯವನಿಗಾಗಿಯೇ ಒಂದು ಗ್ರಂಥವನ್ನು ಬರೆದು, ಈ ಪ್ರಸಂಗವನ್ನು ಅದರಲ್ಲಿ ದಾಖಲಿಸಿದನು.

ವಿಹಾರದ ಸಾರಿಗೆ ಒಣ ಅಣಬೆ ಮತ್ತು ‘ಕೊಂಬು’ ಎಂಬ ಕಡಲಪಾಚಿ ಆಧಾರವಾದರೆ, ಜನಸಾಮಾನ್ಯರ ಸಾರಿಗೆ ಮೀನು ಆಧಾರವಾಯಿತು. ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಮರದಂತೆ ಗಟ್ಟಿಯಾಗುವವರೆಗೆ ಒಣಗಿಸಿ, ತೆಳ್ಳಗೆ ಹೆರೆದು ಬಿಸಿನೀರಿನಲ್ಲಿ ನೆನೆಸಿ ಸೋಸುತ್ತಾರೆ. ಈ ಕಷಾಯವೇ ‘ದಾಶಿ’. ಸೋಸಿದ ಮೇಲೆ ಮೀನು ಕಾಣುವುದಿಲ್ಲ. ಬಟ್ಟಲಲ್ಲಿ ಗೋಧಿಯ ಎಳೆ, ಮೇಲೆರಡು ಸೊಪ್ಪಿನ ಚೂರು, ತಿಳಿಯಾದ ಸಾರು ಇಷ್ಟೇ ಇರುತ್ತವೆ. ‘ಮಾಂಸವಿಲ್ಲ’ ಎಂದು ಬಡಿಸುವವನು ಹೇಳಿದರೆ ಅವನ ರೂಢಿಯ ಪ್ರಕಾರ ಅದು ಸುಳ್ಳಲ್ಲ. ನಮ್ಮ ಪಾಲಿಗೆ ಅದು ಸತ್ಯವೂ ಅಲ್ಲ. ಮುತ್ತಿನ ವ್ಯಾಪಾರಕ್ಕೆಂದು ಹೋಗಿ ಕೋಬೆ ನಗರದಲ್ಲಿ ನೆಲೆಸಿದ ಜೈನ ಕುಟುಂಬಗಳು 1985ರಲ್ಲಿ ಅಲ್ಲಿ ಅಮೃತಶಿಲೆಯ ಜಿನಾಲಯವನ್ನು ಕಟ್ಟಿಸಿದವು. ಅಂಥ ಕುಟುಂಬಗಳಿಗೆ ಈ ಸೂಕ್ಷ್ಮವು ದಿನನಿತ್ಯದ ಸಂಗತಿ.

ಇಪ್ಪತ್ತನೆಯ ಶತಮಾನದಲ್ಲಿ ರುಚಿಯು ಪ್ರಯೋಗಶಾಲೆಯನ್ನು ಪ್ರವೇಶಿಸಿತು. 1908ರಲ್ಲಿ ಇಕೆಡಾ ಕಿಕುನಾಯೆ ಎಂಬ ವಿಜ್ಞಾನಿಯು ಕಡಲಪಾಚಿಯಿಂದ ಗ್ಲುಟಮೇಟ್ ಎಂಬ ರುಚಿಕಾರಕವನ್ನು ಬೇರ್ಪಡಿಸಿದನು. 1913ರಲ್ಲಿ ಒಣಮೀನಿನಿಂದ ಇನೋಸಿನೇಟ್ ಎಂಬ ಮತ್ತೊಂದನ್ನು ಗುರುತಿಸಲಾಯಿತು. 1958ರಲ್ಲಿ ಮೊಮೊಫುಕು ಆಂಡೊ ನೂಡಲ್ಸನ್ನು ಎಣ್ಣೆಯಲ್ಲಿ ಕರಿದು ತೇವಾಂಶವನ್ನು ಹೊರಹಾಕಿ, ಬಿಸಿನೀರು ಹಾಕಿದೊಡನೆ ಸಿದ್ಧವಾಗುವಂತೆ ಮಾಡಿದನು. ಅವನ ಮೊದಲ ಸರಕೇ ಕೋಳಿಯ ರುಚಿಯದಾಗಿತ್ತು. ಕಗಾವಾ ಪ್ರಾಂತದ ಕತೋಕಿಚಿ ಸಂಸ್ಥೆಯು 1974ರಲ್ಲಿ ಶೈತ್ಯೀಕೃತ ‘ಉಡೋನ್’ ತಯಾರಿಕೆಯನ್ನು ಆರಂಭಿಸಿತು. ಆಗ ತಾನೇ ಬೆಂದ ಎಳೆಯ ಹೊರಭಾಗದಲ್ಲಿ ನೀರು ಹೆಚ್ಚು, ಒಳಭಾಗದಲ್ಲಿ ಕಡಿಮೆ. ಆ ಸ್ಥಿತಿಯಲ್ಲಿಯೇ ಶೀಘ್ರವಾಗಿ ಹೆಪ್ಪುಗಟ್ಟಿಸುವುದರಿಂದ ಅದರ ಬಿಗಿ ಉಳಿಯುತ್ತದೆ.

ಉಡೋನ್‌ಗೆ ಮೂಲತಃ ಬೇಕಾದುದು ಗೋಧಿಹಿಟ್ಟು, ಉಪ್ಪು, ನೀರು ಮಾತ್ರ. ಇಷ್ಟು ನಿರ್ದೋಷವಾದ ವಸ್ತುವಿನೊಡನೆ ನಮಗೆ ಒಪ್ಪದ ಸಂಗತಿಗಳು ಹೇಗೆ ಸೇರುತ್ತವೆಂಬುದೇ ವಿಚಾರಣೀಯ. ಜೊತೆಗಿರುವ ಸಾರಿನ ಪೊಟ್ಟಣದಲ್ಲಿ ಮೀನಿನ ಅಂಶವಿರಬಹುದು. 631 ಎಂಬ ಸಂಖ್ಯೆಯು ಇನೋಸಿನೇಟನ್ನು ಸೂಚಿಸುತ್ತದೆ. ಅದನ್ನು ಸಸ್ಯಮೂಲದ ಪಿಷ್ಟವನ್ನು ಹುದುಗಿಸಿಯೂ ಪಡೆಯಬಹುದು, ಮೀನು ಮಾಂಸಗಳಿಂದಲೂ ಪಡೆಯಬಹುದು. ಶೈತ್ಯೀಕೃತ ಉಡೋನ್‌ನ ಬಿಗಿಗಾಗಿ ಅನೇಕರು ಮರಗೆಣಸಿನ ಪಿಷ್ಟವನ್ನು ಬೆರೆಸುತ್ತಾರೆ, ಅದು ಕಂದಮೂಲ. ವಿಹಾರದ ಶುದ್ಧ ಸಾರಿನಲ್ಲಿಯೂ ಅಣಬೆಯುಂಟು. ನಮ್ಮ ಆಚಾರಕ್ಕೆ ಅದೂ ವರ್ಜ್ಯ. ಇನ್ನು, ಬೇಯಿಸಿ ತಿಂಗಳುಗಟ್ಟಲೆ ಇಟ್ಟ ಆಹಾರವು ಮರ್ಯಾದೆಯೊಳಗಿನದೇ ಎಂಬ ಪ್ರಶ್ನೆ. ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಸೂಕ್ಷ್ಮಜೀವಿಗಳ ಬೆಳವಣಿಗೆ ನಿಲ್ಲುತ್ತದೆ, ಅವೆಲ್ಲವೂ ಇಲ್ಲವಾಗುತ್ತವೆಂದಲ್ಲ. ವ್ರತಿಗಳು ಇದನ್ನು ಒಪ್ಪಲಾರರು. ಉಳಿದವರು ತಮ್ಮ ನಿಯಮಕ್ಕನುಸಾರ ನಿರ್ಧರಿಸಬೇಕು.

ಭಾರತದಲ್ಲಿ ಹಸಿರು ಚುಕ್ಕೆ ಕಡ್ಡಾಯವಾಗಿದೆ. ಜಪಾನ್ ಸಹ 2022ರಲ್ಲಿ ಸಸ್ಯಾಹಾರಕ್ಕೆ ತನ್ನದೇ ಮಾನದಂಡವನ್ನು ರೂಪಿಸಿತು. ಇವು ಸ್ವಾಗತಾರ್ಹ. ಆದರೆ ಹಸಿರು ಚುಕ್ಕೆಯು ಈರುಳ್ಳಿ, ಬೆಳ್ಳುಳ್ಳಿ, ಕಂದಮೂಲಗಳ ವಿಚಾರವನ್ನು ಹೇಳದು. ಲೆಕ್ಕದ ಪುಸ್ತಕದಲ್ಲಿ ಕೊನೆಯ ಮೊತ್ತವನ್ನಷ್ಟೇ ನೋಡಿ ಸಹಿ ಹಾಕುವ ವ್ಯಾಪಾರಿ ಇಲ್ಲ. ಬಾಬುಗಳನ್ನು ಒಂದೊಂದಾಗಿ ತಾಳೆ ನೋಡುತ್ತಾನೆ. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳಿಗೂ ಅಷ್ಟೇ ಗಮನ ಸಲ್ಲಬೇಕು. ಸಾರಿನ ಪೊಟ್ಟಣವನ್ನು ಬದಿಗಿಟ್ಟು, ಒಪ್ಪುವ ಎಳೆಗಳನ್ನು ಮಾತ್ರ ಆರಿಸಿ, ಮನೆಯಲ್ಲಿಯೇ ಬೇಳೆಕಟ್ಟಿನ ಸಾರು ಮಾಡಿಕೊಳ್ಳಲು ಅಡ್ಡಿಯೇನಿಲ್ಲ.

ಅಣಬೆಗಾಗಿ ಅಷ್ಟು ದೂರ ನಡೆದ ಆ ವೃದ್ಧನಿಗೆ ತಾನು ಬಡಿಸುವ ಬಟ್ಟಲಿನಲ್ಲಿ ಏನಿದೆಯೆಂಬುದು ಸಂಪೂರ್ಣವಾಗಿ ತಿಳಿದಿತ್ತು. ಇಂದಿನ ಅನುಕೂಲತೆ ನಮಗೆ ಆ ನಡಿಗೆಯನ್ನು ಉಳಿಸಿಕೊಟ್ಟಿದೆ. ಉಳಿದ ಸಮಯದಲ್ಲಿ ಎರಡು ನಿಮಿಷವನ್ನಾದರೂ ಓದಿ ತಿಳಿಯುವುದಕ್ಕೆ ಮೀಸಲಿಟ್ಟರೆ, ಸೂರ್ಯಾಸ್ತಕ್ಕೆ ಮುನ್ನ ಮುಗಿದ ಊಟವು ನಿಜವಾಗಿಯೂ ಅಹಿಂಸೆಯ ಊಟವಾದೀತು.