ಪೀಠವೂ ಪ್ರಾಸಾದವೂ: ಮಂಗಳೂರಿನ ರೊಸಾರಿಯೊ ಕೆಥೆಡ್ರಲಿನ ಕಾಲವಿಚಾರ

ಕರಾವಳಿಯಲ್ಲಿ ಕ್ರೈಸ್ತ ದೇವಾಲಯಕ್ಕೆ ರೂಢವಾಗಿರುವ ‘ಇಗರ್ಜಿ’ ಎಂಬ ಶಬ್ದವು ಪೋರ್ತುಗೀಜರ ‘ಇಗ್ರೇಜ’ ಎಂಬುದರಿಂದ ಬಂದುದು. ಅದಕ್ಕೂ ಮೂಲವಾದ ಗ್ರೀಕ್ ಪದಕ್ಕೆ ಸಭೆಯೆಂದು ಅರ್ಥ. ‘ಕೆಥೆಡ್ರಲ್’ ಎಂಬ ಶಬ್ದದ ವಂಶವಾದರೋ ಬೇರೆ. ಗ್ರೀಕ್ ಭಾಷೆಯಲ್ಲಿ ‘ಕಥೇದ್ರಾ’ ಎಂದರೆ ಆಸನ. ಅದರ ಉತ್ತರಭಾಗದಲ್ಲಿರುವ ಧಾತುವೂ ಸಂಸ್ಕೃತದ ‘ಸದ್’ ಧಾತುವೂ ಒಂದೇ ಮೂಲದವೆಂಬುದು ಭಾಷಾಶಾಸ್ತ್ರಜ್ಞರ ನಿರ್ಣಯವು. ಬಿಷಪ್ಪರ ಪೀಠವು ಯಾವ ಇಗರ್ಜಿಯಲ್ಲಿರುವುದೋ ಅದು ಕೆಥೆಡ್ರಲ್ ಎನಿಸಿಕೊಳ್ಳುವುದು. ಅಳತೆಯಾಗಲಿ ಶಿಲ್ಪವೈಭವವಾಗಲಿ ಅದಕ್ಕೆ ಲಕ್ಷಣವಲ್ಲ. ಪೀಠವಿಲ್ಲದ ದೇವಾಲಯವು ಗಗನಚುಂಬಿಯಾಗಿದ್ದರೂ ಈ ಹೆಸರಿಗೆ ಅರ್ಹವಾಗದು. ಈ ಭೇದವನ್ನು ಮರೆತುದರಿಂದಲೇ ಮಂಗಳೂರಿನ ಬೋಳಾರದಲ್ಲಿರುವ ರೊಸಾರಿಯೊ ಕೆಥೆಡ್ರಲನ್ನು ಹದಿನಾರನೆಯ ಶತಮಾನದ ಕಟ್ಟಡವೆಂದು ಹೇಳುವ ವಾಡಿಕೆಯು ಬೆಳೆದಿದೆ. ಸ್ಥಾನ, ಪೀಠ, ಪ್ರಾಸಾದ ಈ ಮೂರರ ವಯಸ್ಸನ್ನು ಇಲ್ಲಿ ಬೇರೆಬೇರೆಯಾಗಿಯೇ ಎಣಿಸಬೇಕಾಗಿದೆ.

ಮೂರರಲ್ಲಿ ಸ್ಥಾನವೇ ಹಿರಿಯದು. ಕ್ರಿ. ಶ. ೧೫೬೮ರಲ್ಲಿ ಪೋರ್ತುಗೀಜರು ಮಂಗಳೂರನ್ನು ಹಿಡಿದು ಸಂತ ಸೆಬಾಸ್ತಿಯಾನನ ಹೆಸರಿನಲ್ಲಿ ಕೋಟೆಯನ್ನು ಕಟ್ಟಿದರು. ಜಪಮಾಲೆಯ ಮಾತೆಯ ಇಗರ್ಜಿಯ ಆರಂಭವನ್ನೂ ಅದೇ ವರ್ಷಕ್ಕೆ ಹೇಳುವರು. ಮಾತೆಯ ವಿಗ್ರಹವು ಸಮುದ್ರದಲ್ಲಿ ಬೆಸ್ತರಿಗೆ ದೊರೆಯಿತೆಂಬುದು ಐತಿಹ್ಯ. ಕಡಲ ದಂಡೆಯ ಊರಿಗೆ ಇಂಥ ಐತಿಹ್ಯವು ಸಹಜವಾದುದೇ. ೧೬೨೩ರಲ್ಲಿ ಇಲ್ಲಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆಯು ಮಂಗಳೂರಿನ ಇಗರ್ಜಿಗಳನ್ನು ಹೆಸರಿಸಿರುವನು. ಮುಂದೆ ಪೋರ್ತುಗೀಜರ ಬಲವು ಕುಗ್ಗಿ ಕೆಳದಿಯ ನಾಯಕರ ಪ್ರಾಬಲ್ಯವು ಹೆಚ್ಚಿದ ಮೇಲೆಯೂ ಕ್ರೈಸ್ತರಿಗೆ ನೆಲೆಯು ತಪ್ಪಲಿಲ್ಲ. ಚೆನ್ನಮ್ಮಾಜಿಯ ಕಾಲದಲ್ಲಿ, ೧೬೭೮ರಲ್ಲಿ, ಆದ ಕೌಲಿನಲ್ಲಿ ಕೆನರಾ ಸೀಮೆಯೊಳಗೆ ಇಗರ್ಜಿಗಳನ್ನು ಕಟ್ಟಲು ಅನುಮತಿ ದೊರೆಯಿತು; ೧೭೧೪ರಲ್ಲಿ ಮತ್ತೊಂದು ಒಪ್ಪಂದವಾಯಿತು. ವೀರಶೈವ ಅರಸುಮನೆಯ ಆಶ್ರಯವೇ ಆ ಶತಮಾನದಲ್ಲಿ ಇಗರ್ಜಿಗಳು ಹೆಚ್ಚುವುದಕ್ಕೆ ಕಾರಣವಾಯಿತೆಂಬುದನ್ನು ಪೋರ್ತುಗೀಜರ ಕಥೆಯನ್ನು ಮಾತ್ರ ಓದುವವರು ಗಮನಿಸುವುದಿಲ್ಲ.

೧೭೬೩ರಲ್ಲಿ ಹೈದರನು ಬಿದನೂರನ್ನು ಗೆದ್ದನು. ಕೆನರಾ ಸೀಮೆಯು ಮೈಸೂರಿಗೆ ಸೇರಿತು. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪವನ್ನು ಹೊರಿಸಿ ಟೀಪೂ ಸುಲ್ತಾನನು ೧೭೮೪ರ ಫೆಬ್ರವರಿಯಲ್ಲಿ ಇಲ್ಲಿಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಸೆರೆಯಾದವರ ಸಂಖ್ಯೆಯನ್ನು ಮೂವತ್ತು ಸಾವಿರವೆಂದು ಕೆಲವರೂ ಅರುವತ್ತು ಸಾವಿರವೆಂದು ಕೆಲವರೂ ಬರೆದಿರುವರು. ಇಗರ್ಜಿಗಳು ನೆಲಸಮವಾದವು. ರೊಸಾರಿಯೊ ಇಗರ್ಜಿಯೂ ಅವುಗಳಲ್ಲಿ ಒಂದು. ಆದಕಾರಣ ೧೫೬೮ರ ಕಟ್ಟಡವನ್ನು ಇಂದಿನ ಗೋಡೆಗಳಲ್ಲಿ ಹುಡುಕುವುದು ವ್ಯರ್ಥವು.

ಆ ವಿಪತ್ತಿನಲ್ಲಿ ಉಳಿದುದೆಂದು ಹೇಳಲಾಗುವ ಇಗರ್ಜಿಯು ಮಂಗಳೂರಿನದಲ್ಲ. ಮೂಡುಬಿದಿರೆಯ ಸಮೀಪದ, ಹಳೆಯ ಬರಹಗಳಲ್ಲಿ ‘ಹೊಸ್ಪೆಟ್’ ಎಂದು ಕಾಣುವ ಸ್ಥಳದ ಪವಿತ್ರ ಶಿಲುಬೆಯ ಇಗರ್ಜಿ. ಅದು ಉಳಿದುದು ಮೂಡುಬಿದಿರೆಯ ಚೌಟ ಅರಸರ ಮಾತಿನಿಂದ ಎಂಬ ಪರಂಪರೆಯನ್ನು ಇತಿಹಾಸಕಾರರೂ ಸ್ವೀಕರಿಸಿರುವರು. ಚೌಟರು ಜೈನರು, ಆ ವೇಳೆಗೆ ಸ್ವತಂತ್ರರಾಗಿ ಆಳುತ್ತಿದ್ದವರೂ ಅಲ್ಲ. ಅಧಿಕಾರವು ಕೈಬಿಟ್ಟ ಮೇಲೆಯೂ ಅವರ ಮಾತಿಗೆ ಇಷ್ಟು ಬೆಲೆಯಿದ್ದಿತೆಂಬುದು ತುಳುನಾಡಿನ ಅರಸುಮನೆತನಗಳ ಚರಿತ್ರೆಯಲ್ಲಿ ದೊಡ್ಡ ಸಂಗತಿಯೇ ಸರಿ. ಇಮ್ಮಡಿ ದೇವರಾಯನ ಕಾಲದಲ್ಲಿ, ೧೪೩೦ರಲ್ಲಿ, ಆರಂಭವಾದ ‘ತ್ರಿಭುವನತಿಲಕ ಚೂಡಾಮಣಿ’ ಬಸದಿಯೂ ಅದೇ ಊರಿನಲ್ಲಿ ನಿಂತಿದೆ. ತುಳುನಾಡಿನಲ್ಲಿ ಮಧ್ಯಯುಗದ ಮಹಾದೇವಾಲಯವನ್ನು ಅದರ ಮೂಲಶಿಲೆಯಲ್ಲಿಯೇ ನೋಡಬೇಕೆಂಬವರು ಈ ಸಾವಿರ ಕಂಬದ ಬಸದಿಗೇ ಹೋಗಬೇಕು.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಸೆರೆಯಿಂದ ಬಿಡುಗಡೆಯಾದವರು ಹಿಂದಿರುಗಿ ಹಳೆಯ ಸ್ಥಾನಗಳಲ್ಲಿ ಇಗರ್ಜಿಗಳನ್ನು ಎತ್ತಿದರು. ಪೀಠದ ಆಗಮನವು ಇನ್ನೂ ತಡವಾಯಿತು. ಗೋವೆಯ ಮತ್ತು ವರಾಪುಳೆಯ ಅಧಿಕಾರಗಳ ನಡುವಣ ದೀರ್ಘವಾದ ವ್ಯಾಜ್ಯದ ತರುವಾಯ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮಂಗಳೂರು ಪ್ರತ್ಯೇಕ ಆಡಳಿತವಾಯಿತು. ೧೮೭೮ರ ಕೊನೆಯಲ್ಲಿ ಯೇಸುಸಭೆಯವರು ಬಂದರು. ೧೮೮೬ರಲ್ಲಿ ಮಂಗಳೂರು ಧರ್ಮಪ್ರಾಂತವಾಗಿ ನಿಕೊಲಾಸ್ ಮರಿಯ ಪಗಾನಿಯವರು ಮೊದಲ ಬಿಷಪ್ಪರಾದರು. ಎಂದರೆ ಸ್ಥಾನಕ್ಕೆ ಮುನ್ನೂರು ವರ್ಷಗಳು ಸಂದ ಮೇಲೆ ಅಲ್ಲಿ ಧರ್ಮಪ್ರಾಂತದ ಪೀಠವು ನೆಲೆಗೊಂಡಿತು. ಈಗ ಕಾಣುವ ಪ್ರಾಸಾದವಾದರೋ ಪೀಠಕ್ಕಿಂತಲೂ ಕಿರಿಯದು. ಇಪ್ಪತ್ತನೆಯ ಶತಮಾನದ ಮೊದಲ ಪಾದದಲ್ಲಿ, ಯೇಸುಸಭೆಯ ದಿಯಾಮಂತಿಯವರ ನಕ್ಷೆಯಂತೆ ನಿರ್ಮಿತವಾದುದು.

ಅದರ ಮುಖ್ಯ ಅಲಂಕಾರವು ಗುಮ್ಮಟ. ರೋಮಿನ ಸಂತ ಪೀಟರನ ದೇವಾಲಯದ ಗುಮ್ಮಟವನ್ನು ನೆನಪಿಗೆ ತರುವ ಈ ರೂಪವು ಯುರೋಪಿನ ಮಧ್ಯಯುಗದ ಗೋಥಿಕ್ ಮಾದರಿಯದಲ್ಲ. ಅಲ್ಲಿಯ ಚೂಪು ಕಮಾನುಗಳೂ ಹೊರಗಿನಿಂದ ಗೋಡೆಯನ್ನು ತಡೆಹಿಡಿಯುವ ಒತ್ತುಕಮಾನುಗಳೂ ಬೇರೊಂದು ಶಾಸ್ತ್ರಕ್ಕೆ ಸೇರಿದವು. ಇದು ಪುನರುಜ್ಜೀವನ ಕಾಲದ ಸಂಪ್ರದಾಯವು. ಎರಡೂ ಈ ನೆಲಕ್ಕೆ ಹೊಸವೇ. ವರ್ಷಕ್ಕೆ ಸುಮಾರು ೧೫೦ ಅಂಗುಲ ಮಳೆ ಬೀಳುವ ನಾಡಿನಲ್ಲಿ ಶಿಲ್ಪಿಯ ಮೊದಲ ಚಿಂತೆಯು ನೀರನ್ನು ಕೆಳಗಿಳಿಸುವುದೇ ಆಗಿರುತ್ತದೆ. ಮೂಡುಬಿದಿರೆಯ ಬಸದಿಯ ಶಿಲ್ಪಿಗಳು ಮುಂಚಾಚಿದ ಇಳಿಜಾರು ಮಾಡುಗಳನ್ನು ಅಂತಸ್ತಿನ ಮೇಲೆ ಅಂತಸ್ತಾಗಿ ಇರಿಸಿದರು. ಅದನ್ನು ಕಂಡು ಫರ್ಗ್ಯುಸನ್ನನಿಗೆ ನೇಪಾಳವು ನೆನಪಾಯಿತು; ಆಷಾಢದ ಒಂದು ದಿನವನ್ನು ಇಲ್ಲಿ ಕಳೆದವನಿಗೆ ಅಷ್ಟು ದೂರ ಹೋಗಬೇಕಾದುದಿಲ್ಲ. ಕೆಥೆಡ್ರಲಿನ ನೆರೆಯ ಜೆಪ್ಪಿನಲ್ಲಿ ೧೮೬೫ರಲ್ಲಿ ಬಾಸೆಲ್ ಮಿಶನಿನವರು ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಈ ಇಳಿಜಾರು ಮಾಡೇ ಕೆಂಪು ಹೆಂಚನ್ನು ಹೊದ್ದು ಇಗರ್ಜಿ, ಮನೆ, ಶಾಲೆಗಳೆಲ್ಲಕ್ಕೂ ಹಬ್ಬಿತು. ಗುಮ್ಮಟವು ಮಾತ್ರ ಈ ದೇಶಧರ್ಮಕ್ಕೆ ಒಳಪಡದೆ ದೂರದ ರೋಮಿನೊಡನೆ ಸಂಬಂಧವನ್ನು ಸಾರುತ್ತ ನಿಂತಿದೆ. ಪೀಠವುಳ್ಳ ದೇವಾಲಯಕ್ಕೆ ಅದು ಅನುಚಿತವೂ ಅಲ್ಲ.

ಪುನರ್ನಿರ್ಮಾಣದಿಂದ ಕೆಥೆಡ್ರಲಿನ ಪ್ರಾಚೀನತೆಗೆ ಕುಂದುಂಟಾಯಿತೆಂದು ಭಾವಿಸಬೇಕಾಗಿಲ್ಲ. ಫ್ರಾನ್ಸ್ ದೇಶದ ಶಾರ್ತ್ರ್ ಕೆಥೆಡ್ರಲಿನ ಬಹುಭಾಗವು ೧೧೯೪ರ ಬೆಂಕಿಯ ಬಳಿಕ ಕಟ್ಟಿದುದು. ಅಲ್ಲಿಯ ಪೀಠವು ಅದಕ್ಕಿಂತ ಎಷ್ಟೋ ಶತಮಾನಗಳಷ್ಟು ಹಳೆಯದು. ಅಲ್ಲಿ ಪೀಠವು ಮೊದಲು, ಗೋಡೆಯು ಅನಂತರ. ಮಂಗಳೂರಿನಲ್ಲಿಯೂ ಹಾಗೆಯೇ, ಆದರೆ ಪೀಠಕ್ಕೂ ಮೊದಲು ಸಭೆ. ಇನ್ನೊಂದು ನಿದರ್ಶನವು ಹತ್ತಿರದಲ್ಲಿಯೇ ಇದೆ. ಪುಂಜಾಲಕಟ್ಟೆಯ ಸೀಮೆಯ ಲ್ಯಾಟಿನ್ ವಿಧಿಯ ಕೆಥೋಲಿಕರು ಮಂಗಳೂರಿನ ಪೀಠಕ್ಕೆ ಸೇರಿದವರು. ಅಲ್ಲಿಂದ ಅನತಿದೂರದ ಬೆಳ್ತಂಗಡಿಯಲ್ಲಿ ೧೯೯೯ರಲ್ಲಿ ಸೀರೋ-ಮಲಬಾರ್ ವಿಧಿಯವರಿಗೆ ಪ್ರತ್ಯೇಕ ಧರ್ಮಪ್ರಾಂತವು ಏರ್ಪಟ್ಟು, ಸಂತ ಲಾರೆನ್ಸನ ಇಗರ್ಜಿಯು ಕೆಥೆಡ್ರಲ್ ಆಯಿತು.

ಬೋಳಾರದಲ್ಲಿ ಮೊದಲ ಇಗರ್ಜಿಯ ಕಾಲವನ್ನು ಜ್ಞಾಪಿಸುವ ವಸ್ತುವೆಂದರೆ ಪೋರ್ತುಗಲ್ ಅರಸರ ಲಾಂಛನವುಳ್ಳ ಕಲ್ಲು. ಶಾಸನಗಳಿಗೆ ಸಲ್ಲುವ ಎಚ್ಚರದಿಂದಲೇ ಅದನ್ನೂ ಕಾಪಾಡತಕ್ಕದ್ದು.